ಆಫೀಸ್ ತಾರಸಿಯಲ್ಲಿ ಹಕ್ಕಿ, ಚಿಟ್ಟೆ, ಜೇನು ಬರುವಂತೆ ಹಸಿರು ಮಾಡುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಬೆಂಗಳೂರಲ್ಲಿ ಕಂಪನಿಯ ಸ್ವಂತ ಐದಂತಸ್ತಿನ ಕಟ್ಟಡ, 2,000 ಚದರಡಿ ತಾರಸಿ. ಹಕ್ಕಿ, ಚಿಟ್ಟೆಗಳಿಗೆ ಆಸರೆಯಾಗಬೇಕು. ಲ್ಯಾಂಡ್‌ಸ್ಕೇಪ್‌ನವರು ಹುಲ್ಲುಹಾಸಿಗೆ ಕೊಟೇಶನ್ ಕೊಟ್ಟಿದ್ದಾರೆ, ಒಪ್ಪಬಹುದೇ?

ಒಪ್ಪಬೇಡಿ. ವಾರವಾರ ಕತ್ತರಿಸುವ ಹುಲ್ಲಿನಲ್ಲಿ ಹೂವಿಲ್ಲ, ಬೀಜವಿಲ್ಲ, ಹುಳು ಅಡಗಲು ಜಾಗವಿಲ್ಲ. ನೀರು ಮಾತ್ರ ಬೇಸಿಗೆಯಿಡೀ ಕುಡಿಯುತ್ತದೆ.

ಗಿಡದ ಮಾತಿಗೆ ಮುಂಚೆ ಭಾರದ ಲೆಕ್ಕ. ಕಟ್ಟಡಗಳ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗದ ಪ್ರಕಾರ ಜನ ಓಡಾಡುವ ತಾರಸಿಗೆ ಹಿಡಿಯುವ ಲೈವ್ ಲೋಡ್ (ಕಟ್ಟಡದ ಸ್ವಂತ ತೂಕ ಬಿಟ್ಟು ಮೇಲೆ ಬೀಳುವ ಭಾರ) ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ. ಬರೀ ರಿಪೇರಿಗೆಂದು ಹತ್ತುವ ತಾರಸಿಗೆ ಅದರ ಅರ್ಧ. ಈ 150ರಲ್ಲಿ ಮಣ್ಣೂ ಬರಬೇಕು, ಮಣ್ಣು ಹಿಡಿದಿಟ್ಟ ನೀರೂ ಬರಬೇಕು, ಮೇಲೆ ನಿಲ್ಲುವ ಜನರೂ ಬರಬೇಕು. ಹಾಗಾಗಿ ತಾರಸಿ ಎಷ್ಟು ಭಾರ ತಡೆಯುತ್ತದೆಂದು ಸ್ಟ್ರಕ್ಚರಲ್ ಎಂಜಿನಿಯರ್ ಬರಹದಲ್ಲಿ ಕೊಡುವವರೆಗೆ ಒಂದು ಚೀಲ ಮಣ್ಣನ್ನೂ ಮೇಲಕ್ಕೆ ಸಾಗಿಸಬೇಡಿ. ಹಳೇ ಕಟ್ಟಡವಾದರೆ ಮೋಲ್ಡ್ ಮೇಲೆ ನಾಲ್ಕೈದು ಇಂಚು ಇಟ್ಟಿಗೆ ಚೂರಿನ ಸುರ್ಕಿ ಇರುತ್ತದೆ. ಅದನ್ನು ತೆಗೆದು ಹೊಸ ವಾಟರ್‌ಪ್ರೂಫಿಂಗ್ ಮಾಡಿದರೆ ಎಷ್ಟು ಭಾರ ಇಳಿಯುತ್ತದೆ ಎಂಬುದನ್ನೂ ಅವರನ್ನೇ ಕೇಳಿ.

ತಾರಸಿಗೆ ಹಾಕುವ ಮಣ್ಣಿನ ಮಿಶ್ರಣ ಎಷ್ಟು ತೂಗುತ್ತದೆಂದು ತಿಳಿಯಲು ತಳಕ್ಕೆ ತೂತು ಕೊರೆದ ಹತ್ತು ಲೀಟರ್ ಬಕೆಟ್ ಸಾಕು. ಮಿಶ್ರಣ ತುಂಬಿ, ರಾತ್ರಿಯಿಡೀ ನೀರಲ್ಲಿ ಮುಳುಗಿಸಿ, ಬೆಳಿಗ್ಗೆ ನೀರು ಬಸಿದ ಮೇಲೆ ತೂಗಿ. ಬಕೆಟ್ಟಿನ ತೂಕ ಕಳೆದು 14 ಕೆಜಿ ಬಂದರೆ, 10 ಸೆಂ.ಮೀ. ದಪ್ಪಕ್ಕೆ ಚದರ ಮೀಟರಿಗೆ 140 ಕೆಜಿ. ಬರೀ ಕೆಮ್ಮಣ್ಣಾದರೆ 180 ದಾಟಬಹುದು. ಅದಕ್ಕೇ ಹೊಲದ ಮಣ್ಣನ್ನು ಹಾಗೇ ಸುರಿಯಬಾರದು.

ಮಿಶ್ರಣಕ್ಕೆ ನನ್ನ ಅಳತೆ: ಇಟ್ಟಿಗೆ ಅಥವಾ ಹೆಂಚಿನ ಚೂರು (5–10 ಮಿ.ಮೀ.) ನಾಲ್ಕು ಪಾಲು, ಕೆಮ್ಮಣ್ಣು ಮೂರು, ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು, ಕಾಂಪೋಸ್ಟ್ ಒಂದೇ ಪಾಲು. ಟ್ಯಾಂಕು, ಸೋಲಾರ್, ಓಡಾಡುವ ದಾರಿ ಬಿಟ್ಟು ನಿಮಗೆ 100 ಚದರ ಮೀಟರ್ ಉಳಿದರೆ, ಸರಾಸರಿ 8 ಸೆಂ.ಮೀ.ಗೆ 8,000 ಲೀಟರ್ ಬೇಕು. ಅದರಲ್ಲಿ ಕೋಕೋಪೀಟ್ 1,600 ಲೀಟರ್. ಒತ್ತಿ ಮಾಡಿದ ಐದು ಕೆಜಿಯ ಕೋಕೋಪೀಟ್ ಬ್ಲಾಕ್ ಒಂದು ನೆನೆದು 70 ಲೀಟರ್‌ನಷ್ಟು ಅರಳುತ್ತದೆ, ಹಾಗಾಗಿ 23 ಸಾಕು. ಇಟ್ಟಿಗೆ ಚೂರಿನ ಪುಡಿಯನ್ನು ಜರಡಿ ಹಿಡಿದು ತೆಗೆಯಲೇಬೇಕು, ಇಲ್ಲದಿದ್ದರೆ ಮಿಶ್ರಣದ ಕೆಳಗೆ ಹಾಸುವ ಸೋಸು ಬಟ್ಟೆಯ ರಂಧ್ರ ಕಟ್ಟಿಕೊಂಡು ನೀರು ನಿಲ್ಲುತ್ತದೆ. ಗೊಬ್ಬರ ಜಾಸ್ತಿ ಹಾಕುವ ಆಸೆಯೂ ಬೇಡ: ಮೊದಲ ಮಳೆಗಾಲ ಸೊಕ್ಕಿ ಬೆಳೆದದ್ದು ಫೆಬ್ರವರಿಗೆ ಸುಟ್ಟುಹೋಗುತ್ತದೆ.

ಪದರಗಳು ಕೆಳಗಿನಿಂದ ಮೇಲಕ್ಕೆ: ವಾಟರ್‌ಪ್ರೂಫಿಂಗ್, ಬೇರು ತಡೆಯುವ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ, ನೀರು ಹರಿದುಹೋಗಲು 20 ಮಿ.ಮೀ. ಪ್ಲಾಸ್ಟಿಕ್ ಜಾಲರಿಯ ಡ್ರೈನ್ ಸೆಲ್, ಮಣ್ಣು ತಡೆದು ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಮಿಶ್ರಣ. ವಾಟರ್‌ಪ್ರೂಫಿಂಗ್ ಆದಮೇಲೆ ಪೈಪ್ ಬಾಯಿ ಮುಚ್ಚಿ ಎರಡು ಇಂಚು ನೀರು 48 ಗಂಟೆ ನಿಲ್ಲಿಸಿ, ಕೆಳಗಿನ ಸೀಲಿಂಗ್ ನೋಡಿ. ಸೋರಿಕೆ ಈಗ ಕಂಡರೆ ಅರ್ಧ ದಿನದ ಕೆಲಸ, ಮಣ್ಣು ಹಾಕಿದ ಮೇಲೆ ಕಂಡರೆ ಎಲ್ಲವನ್ನೂ ಬಗೆಯಬೇಕು. ಪ್ಯಾರಾಪೆಟ್ ಪಕ್ಕ ಮತ್ತು ಪೈಪ್ ಬಾಯಿಯ ಸುತ್ತ ಒಂದಡಿ ಬರೀ ಜಲ್ಲಿ ಇರಲಿ. ನೀರು ಹೋಗಲು ಎರಡನೇ ದಾರಿಯೂ ಬೇಕು. ಒಂದು ಎಲೆ ಒಂದೇ ಪೈಪಿಗೆ ಸಿಕ್ಕಿಕೊಂಡರೆ ತಾರಸಿ ಕೆರೆಯಾಗುತ್ತದೆ.

ಈಗ ಮುಖ್ಯ ವಿಷಯ. ಮಣ್ಣನ್ನು ಮಟ್ಟ ಮಾಡಬೇಡಿ. ಕಂಬಗಳ ನೆತ್ತಿಯಲ್ಲಿ ಭಾರ ತಡೆಯುವ ಶಕ್ತಿ ಹೆಚ್ಚು. ಎಂಜಿನಿಯರ್ ಗುರುತು ಹಾಕಿದ ಆ ಜಾಗಗಳಲ್ಲಿ 20–25 ಸೆಂ.ಮೀ. ಎತ್ತರದ ದಿಬ್ಬ, ನಡುವಿನ ಹರವಿನಲ್ಲಿ ಆರೇಳು ಸೆಂ.ಮೀ., ಅಲ್ಲಲ್ಲಿ ಬರಿ ಮರಳು, ಕಲ್ಲು. ದಿಬ್ಬದಲ್ಲಿ ತೇವ ಉಳಿಯುತ್ತದೆ, ತೆಳು ಜಾಗ ಬಿಸಿಲಿಗೆ ಬಿಸಿಯಾಗುತ್ತದೆ. ಒಂದೊಂದು ಜೀವಿಗೆ ಒಂದೊಂದು ಸೇರುತ್ತದೆ. ಹೊಸ ಚಪ್ಪಟೆ ತಾರಸಿಗಳಿಗೆ ಹಸಿರು ಕಡ್ಡಾಯ ಮಾಡಿರುವ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲೂ ಇದೇ ಮಾತು: ಸ್ಥಳೀಯ ಮಣ್ಣು, ಏರುತಗ್ಗು. ಅಲ್ಲಿನ ಜೀರುಂಡೆ, ಜೇಡಗಳ ಅಧ್ಯಯನದಿಂದ ಬಂದ ಪಾಠ ಅದು.

ಗಿಡಗಳನ್ನು ಜೂನ್ ಮಳೆಗೆ ಹಾಕಿ. ತೆಳು ಜಾಗಕ್ಕೆ ತುಂಬೆ, ವಿಷ್ಣುಕ್ರಾಂತಿ, ಟೇಬಲ್ ರೋಸ್, ಗರಿಕೆ. ದಿಬ್ಬಕ್ಕೆ ಕಾಮಕಸ್ತೂರಿ, ದೊಡ್ಡಪತ್ರೆ, ಲೋಳೆಸರ, ಮುಳ್ಳುಗೋರಂಟಿ, ಕಾಡುಬಸಳೆ. ಕರಿಬೇವು, ನಿಂಬೆ ಡ್ರಮ್ಮಿನಲ್ಲಿರಲಿ. ಎಕ್ಕದ ಬೇರು ಆಳಕ್ಕಿಳಿಯುತ್ತದೆ, ಅದನ್ನು ಕಾಂಪೌಂಡಿನಲ್ಲಿ ನೆಡಿ. ಲಂಟಾನ ಬೇಡ, ಚಿಟ್ಟೆ ಎಷ್ಟೇ ಬರಲಿ. ಡ್ರಿಪ್ ದಿಬ್ಬಗಳಿಗೆ ಮಾತ್ರ. ತೆಳು ಜಾಗ ಬೇಸಿಗೆಯಲ್ಲಿ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಆ ಬೀಜ ಮಳೆಗೆ ಮತ್ತೆ ಏಳುತ್ತದೆ. ಮ್ಯಾನೇಜ್‌ಮೆಂಟಿಗೆ ಇದನ್ನು ಮೊದಲೇ ಹೇಳಿಡಿ.

ನೀರಿಗೆ ಎರಡು ಮೂರು ಸೆಂ.ಮೀ. ಆಳದ ಮಣ್ಣಿನ ತಟ್ಟೆ, ಒಳಗೆ ನಾಲ್ಕು ಕಲ್ಲು. ಎರಡು ದಿನಕ್ಕೊಮ್ಮೆ ಚೆಲ್ಲಿ, ಉಜ್ಜಿ ತುಂಬಿ. ವಾರ ಬಿಟ್ಟರೆ ಸೊಳ್ಳೆ. ಒಂಟಿ ಜೇನುಗಳಿಗೆ (ಗುಂಪಿಲ್ಲದೆ ಒಂದೊಂದೇ ಗೂಡು ಕಟ್ಟುವ ಜಾತಿಗಳು) 3–10 ಮಿ.ಮೀ. ತೂತಿನ, ಒಂದು ಕಡೆ ಗಿಣ್ಣು ಮುಚ್ಚಿದ, ಗೇಣುದ್ದದ ಬಿದಿರು ಕಡ್ಡಿಗಳ ಕಟ್ಟು, ಮಳೆ ಬೀಳದ ಗೋಡೆಗೆ. ಜೇನುಪೆಟ್ಟಿಗೆ ಇಡುವ ಉತ್ಸಾಹ ಎಲ್ಲ ಆಫೀಸಿಗೂ ಇರುತ್ತದೆ. ಇಷ್ಟು ಚಿಕ್ಕ ತಾರಸಿಯಲ್ಲಿ ಸಾವಿರಾರು ಜೇನುಗಳು ಬಂದರೆ ಒಂಟಿ ಜೇನಿಗೆ ಹೂವೇ ಸಿಗುವುದಿಲ್ಲ. ಕಾಳು ಚೆಲ್ಲಿದರೆ ಬರುವುದು ಪಾರಿವಾಳ ಮಾತ್ರ. ಪಕ್ಕದಲ್ಲಿ ಗಾಜಿನ ಗೋಡೆಯಿದ್ದರೆ ಹೊರಮೈಗೆ ಐದು ಸೆಂ.ಮೀ. ಅಂತರದಲ್ಲಿ ಚುಕ್ಕಿ ಅಂಟಿಸಿ. ಇಲ್ಲದಿದ್ದರೆ ನೀವು ಕರೆದ ಹಕ್ಕಿಗಳು ಅದಕ್ಕೇ ಬಡಿದು ಸಾಯುತ್ತವೆ.

ಇಷ್ಟೆಲ್ಲ ಮಾಡಿದರೂ ಕೆಡುವುದು ಸಾಮಾನ್ಯವಾಗಿ ಹೌಸ್‌ಕೀಪಿಂಗ್ ಕಾಂಟ್ರಾಕ್ಟಿನಲ್ಲಿ. ಕಳೆ ಎಂದು ತುಂಬೆ ಕೀಳುತ್ತಾರೆ. ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯಂತೆ ಕೂತಿರುವುದು ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳು. ಕಾಡುಬಸಳೆ ಎಲೆಯೊಳಗೆ ಸುರಂಗ ಕೊರೆಯುವುದು ರೆಡ್ ಪಿಯರೊ ಚಿಟ್ಟೆಯ ಮರಿಹುಳು. ಎರಡನ್ನೂ ರೋಗವೆಂದು ಔಷಧಿ ಹೊಡೆಯುತ್ತಾರೆ. ಕಾಂಟ್ರಾಕ್ಟಿನಲ್ಲೇ ಬರೆಸಿ: ಬೇವಿನೆಣ್ಣೆ ಸೇರಿ ಯಾವ ಸಿಂಪಡಣೆಯೂ ಇಲ್ಲ, ಕತ್ತರಿಸುವುದು ವರ್ಷಕ್ಕೊಮ್ಮೆ, ಬೀಜ ಉದುರಿದ ಮೇಲೆ, ಅದೂ ಅರ್ಧ ಭಾಗ. ತಿಂಗಳಿಗೊಮ್ಮೆ ಕೀಳಲೇಬೇಕಾದದ್ದು ಅರಳಿ, ಆಲ, ಅತ್ತಿಯ ಸಸಿ. ಹಕ್ಕಿ ಬಂದರೆ ಅವುಗಳ ಬೀಜವೂ ಬರುತ್ತದೆ. ಗೇಣುದ್ದ ಆಗುವ ಮುಂಚೆ ಬೇರು ಸಮೇತ ಬರುತ್ತದೆ, ಬಿಟ್ಟರೆ ಪ್ಯಾರಾಪೆಟ್ ಬಿರುಕಿಗೆ ಇಳಿಯುತ್ತದೆ.