ಹಾಸನದಲ್ಲಿ ಯುಗಾದಿಯಿಂದ ಶಾಲೆ ತೆರೆಯುವವರೆಗೆ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಮನೆಯಲ್ಲಿ ಏನೇನು ಮಾಡಬಹುದು?

ಬೆಂಗಳೂರಿನಿಂದ ಹಾಸನಕ್ಕೆ ವರ್ಗವಾಗಿ ಬಂದಿದ್ದೀರಿ. ನಾಲ್ಕು ವರ್ಷದ ಮಗಳು, ಒಂದೂವರೆ ವರ್ಷದ ಮಗ, ಬಾಡಿಗೆ ಮನೆ, ಹಿಂದೆ ಹತ್ತಡಿ ಹಿತ್ತಲು, ಮೇಲೆ ತಾರಸಿ. ಹೆಚ್ಚು ಖರ್ಚಿಲ್ಲದೆ ಕೈತೋಟ, ಅಡುಗೆ, ಮನೆಗೆಲಸ ಏನು ಮಾಡಬಹುದು, ಯಾವ ಕುಂಡ ಮತ್ತು ಯಾವ ಬೀಜ ತರಬೇಕು ಎಂದು ಕೇಳಿದ್ದೀರಿ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಕುಂಡ ಈಗ ಬೇಡ, ಒಂದು ತಿಂಗಳು ತಡೆಯಿರಿ.

ನಾನು ಪ್ರೌಢಶಾಲೆಯಲ್ಲಿ ಪಾಠ ಹೇಳುವವನು. ಹೆಂಡತಿಗೆ ಬ್ಯಾಂಕಿನ ಕೆಲಸ, ಅವಳಿಗೆ ಬೇಸಿಗೆ ರಜೆ ಇಲ್ಲ. ಹೀಗಾಗಿ ಏಪ್ರಿಲ್, ಮೇ ಎರಡು ತಿಂಗಳು ಮಕ್ಕಳಿಬ್ಬರೂ ಅಡುಗೆಮನೆಯೂ ನನ್ನ ಪಾಲು. ಮೊದಲ ವರ್ಷ ನಾನೂ ಮೊಬೈಲಿನಲ್ಲಿ ಯಾರದೋ ವಿಡಿಯೊ ನೋಡಿ, ವಸಂತ ಬಂತು ಬಿತ್ತೋಣ ಎಂದು ಹನ್ನೆರಡು ಕುಂಡ, ತೆಂಗಿನ ನಾರಿನ ಪುಡಿ, ಬ್ರೊಕೊಲಿ, ಲೆಟಿಸ್ ಬೀಜ ಎಲ್ಲ ತರಿಸಿದ್ದೆ. ಆ ವಿಡಿಯೊದವರ ಊರಿನಲ್ಲಿ ವಸಂತವೆಂದರೆ ಹಿಮ ಕರಗಿ ಮಣ್ಣು ಬೆಚ್ಚಗಾಗುವ ಕಾಲ. ನಮ್ಮಲ್ಲಿ ಅದೇ ಹೊತ್ತಿಗೆ ನೆಲ ಒಣಗಿ ಬಿರಿದಿರುತ್ತದೆ. ಏಪ್ರಿಲ್ ಎರಡನೆಯ ವಾರಕ್ಕೆ ಲೆಟಿಸ್ ಸುಟ್ಟ ಕಾಗದದಂತಾಯಿತು. ಆಲೂರು ಕಡೆಯ ಊರಿನಿಂದ ಬಂದಿದ್ದ ಅವ್ವ ತಾರಸಿ ಹತ್ತಿ ನೋಡಿ, "ಒಣಗಿಸುವ ಕಾಲದಲ್ಲಿ ಬಿತ್ತುವುದಕ್ಕೆ ಹೋಗಿದ್ದೀಯಲ್ಲ, ಪಾಠ ಹೇಳುವವನು ನೀನು" ಎಂದಳು. ಅವಳು ಹೇಳಿದ ಕ್ರಮವನ್ನೇ ಈಗ ನಿಮಗೂ ಹೇಳುತ್ತಿದ್ದೇನೆ. ಯುಗಾದಿಯಿಂದ ಒಂದು ತಿಂಗಳು ಬಿಸಿಲಿನ ಕೆಲಸ, ಮಳೆ ಬಿದ್ದ ಮೇಲೆ ಮಣ್ಣಿನ ಕೆಲಸ. ನಡುವೆ ಮಕ್ಕಳ ಸಮಾಧಾನಕ್ಕೆ ಒಂದಿಷ್ಟು ಸೊಪ್ಪು.

ಬಿಸಿಲಿನ ಕೆಲಸದಲ್ಲಿ ಹೊಸಬರಿಗೆ ಸುಲಭವಾದದ್ದು ಸಬ್ಬಕ್ಕಿ ಸಂಡಿಗೆ. ಅಕ್ಕಿ ಸಂಡಿಗೆಯ ರುಚಿಯೇ ಬೇರೆ, ಒಪ್ಪುತ್ತೇನೆ, ಆದರೆ ಅದರ ಹದ ಒಂದೇ ವರ್ಷದಲ್ಲಿ ಕೈಗೆ ಬರುವುದಿಲ್ಲ. ಒಂದು ಲೋಟ ಸಬ್ಬಕ್ಕಿಯನ್ನು ರಾತ್ರಿ ಎರಡು ಲೋಟ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಇನ್ನೂ ನಾಲ್ಕು ಲೋಟ ನೀರು ಕುದಿಸಿ, ಅದಕ್ಕೆ ಸುರಿದು, ತಳ ಹಿಡಿಯದಂತೆ ಕೈಯಾಡಿಸುತ್ತಿರಿ. ಕಾಳು ಗಾಜಿನ ಮಣಿಯಂತೆ ಪಾರದರ್ಶಕವಾಗಿ, ಗಂಜಿ ಸೌಟಿನಿಂದ ದಪ್ಪನೆಯ ಧಾರೆಯಾಗಿ ಇಳಿದರೆ ಹದ ಬಂತೆಂದು ಅರ್ಥ. ಹಸಿಮೆಣಸಿನಕಾಯಿ, ಜೀರಿಗೆ, ಇಂಗು ಅರೆದು ಹಾಕಿ. ನಿಂಬೆರಸ ಒಲೆ ಆರಿಸಿದ ಮೇಲೆ. ಉಪ್ಪಿನ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಗಂಜಿಯಲ್ಲಿ ಸರಿಯಾಗಿದೆ ಎನಿಸಿದ ಉಪ್ಪು, ನೀರೆಲ್ಲ ಆರಿದ ಮೇಲೆ ನಾಲಿಗೆ ಸುಡುತ್ತದೆ. ಆದ್ದರಿಂದ ಬಾಯಿಗೆ ಸಪ್ಪೆ ಎನ್ನಿಸುವಷ್ಟಕ್ಕೇ ನಿಲ್ಲಿಸಬೇಕು.

ಬೆಳಿಗ್ಗೆ ಎಂಟರೊಳಗೆ ತಾರಸಿಯಲ್ಲಿ ಹಳೆಯ ಪಂಚೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಚಮಚದಲ್ಲಿ ಬಿಲ್ಲೆ ಬಿಲ್ಲೆಯಾಗಿ ಇಡುತ್ತಾ ಹೋಗಿ. ಗಂಜಿ ಉಗುರುಬೆಚ್ಚಗಾಗಿದ್ದರೆ ನಿಮ್ಮ ಮಗಳೂ ಇಡಬಹುದು. ಅವಳ ಸಂಡಿಗೆ ಆನೆ, ಮೋಡ, ಹಾಸನದ ನಕ್ಷೆ ಏನಾದರೂ ಆದೀತು, ಕರಿದಾಗ ಎಲ್ಲದರ ರುಚಿ ಒಂದೇ. ಪಂಚೆಗೆ ಅಂಟಿಕೊಂಡ ಸಂಡಿಗೆಯನ್ನು ಕೀಳಲು ಹೋಗಬೇಡಿ. ಮರುದಿನ ಬಟ್ಟೆ ತಿರುವಿ ಹಿಂಬದಿಗೆ ನೀರು ಚಿಮುಕಿಸಿದರೆ ತಾನಾಗಿ ಬಿಡುತ್ತದೆ. ಮೂರನೆಯ ದಿನ ಮುರಿದರೆ 'ಕಟ್' ಎನ್ನಬೇಕು. ಕಾಗೆ ಓಡಿಸುವ ಕೆಲಸ ಮಕ್ಕಳದು. ಉದ್ದನೆಯ ಕೋಲು ಕೊಟ್ಟು, ನೀರಿನ ತೊಟ್ಟಿಯ ನೆರಳಿನಲ್ಲಿ ಕೂರಿಸಿದರೆ ಒಂದು ಗಂಟೆ ಟೀವಿಯ ನೆನಪು ಬರುವುದಿಲ್ಲ. ಗಂಟೆ ಹತ್ತಾದ ಮೇಲೆ ಮಕ್ಕಳನ್ನು ಕೆಳಗಿಳಿಸಿ, ಆಮೇಲಿನದು ಸಂಡಿಗೆಗೆ ಬೇಕಾದ ಬಿಸಿಲು.

ಒಂದು ಎಚ್ಚರಿಕೆ. ನಮ್ಮೂರಿನ ಏಪ್ರಿಲ್ ಆಕಾಶವನ್ನು ಮಧ್ಯಾಹ್ನ ಮೂರರ ನಂತರ ನಂಬಬಾರದು. ಮೈಸುಡುವ ಬಿಸಿಲಿರುವಾಗಲೇ ಮೋಡ ಕಟ್ಟಿ, ಬೀದಿಯಲ್ಲಿ ದೂಳು ಸುತ್ತಿ, ಐದು ನಿಮಿಷದಲ್ಲಿ ಗುಡುಗಿನ ಮಳೆ ಬಂದುಬಿಡುತ್ತದೆ. ಎರಡನೆಯ ವರ್ಷ ನಾನು ಮಗನ ಪಕ್ಕ ಮಲಗಿ ನಿದ್ದೆ ಹೋಗಿದ್ದೆ. ಎದ್ದು ಓಡುವ ಹೊತ್ತಿಗೆ ಎರಡು ದಿನ ಒಣಗಿದ್ದ ಸಂಡಿಗೆ ಪುನಃ ಗಂಜಿಯಾಗಿ ಪಂಚೆಯ ತುಂಬ ಹರಡಿತ್ತು. ಆ ಪಂಚೆ ಇಂದಿಗೂ ಕಾಗದದ ಹಾಗೆ ಗರಿಗರಿ. ಅಂದಿನಿಂದ ಮೂರು ಗಂಟೆಗೆ ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದೇನೆ.

ಮಜ್ಜಿಗೆ ಮೆಣಸಿನಕಾಯಿಯೂ ಇದೇ ಬಿಸಿಲಿನದು. ಸೀಳಿದ ಕಾಯಿಗಳನ್ನು ರಾತ್ರಿ ಉಪ್ಪು ಬೆರೆಸಿದ ಮೊಸರಿನಲ್ಲಿ ಅದ್ದಿಡಿ, ಹಗಲು ಒಣಗಿಸಿ, ಮೊಸರು ತೀರುವವರೆಗೆ ಹಾಗೆಯೇ ಮಾಡಿ. ಅದು ದೊಡ್ಡವರ ಕೆಲಸ. ಕಾಯಿ ಸೀಳಿದ ಕೈಯಲ್ಲಿ ಮಗುವಿನ ಮುಖ ಒರೆಸುವ ತಪ್ಪನ್ನು ನಾನು ಒಮ್ಮೆ ಮಾಡಿದ್ದೇನೆ, ನೀವು ಮಾಡಬೇಡಿ.

ಮಕ್ಕಳಿಗೆ ಅದಕ್ಕಿಂತ ಒಗ್ಗುವುದು ಹುಣಸೆಹಣ್ಣು. ಹೊಸ ಹುಣಸೆ ಮಾರುಕಟ್ಟೆಗೆ ಬರುವುದು ಈ ತಿಂಗಳುಗಳಲ್ಲೇ. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಬೀಜ ತೆಗೆಯದ ಹಣ್ಣು ಕೇಳಿ ಎರಡು ಕಿಲೋ ತನ್ನಿ. ಒಂದು ದಿನ ಬಿಸಿಲಿಗೆ ಹರವಿ, ನಾರು, ಬೀಜ ತೆಗೆದು, ಕಲ್ಲುಪ್ಪು ಬೆರೆಸಿ ಜಾಡಿಗೆ ಅಮುಕಿದರೆ ವರ್ಷದ ಸಾರಿಗೆ ಸಾಕು. ಬೀಜಗಳನ್ನು ಎಸೆಯಬೇಡಿ. ನಾಲ್ಕು ಬೀಜಗಳನ್ನು ಒಂದು ಬದಿ ಮಾತ್ರ ಒರಟು ಕಲ್ಲಿಗೆ ಉಜ್ಜಿ ಬಿಳಿ ಮಾಡಿದರೆ ಚೌಕಾಬಾರದ ದಾಳ ಸಿದ್ಧ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆಯಿರಿ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ನನ್ನ ಮಗಳು ಎಂಟರವರೆಗೆ ಎಣಿಸಲು ಕಲಿತದ್ದು ಹೀಗೆ, ಮೋಸ ಮಾಡಲು ಕಲಿತದ್ದೂ ಹೀಗೆಯೇ. ಆದರೆ ನಿಮ್ಮ ಮಗನಿಗೆ ಇನ್ನೂ ಒಂದೂವರೆ ವರ್ಷ. ಬೀಜ ಬಾಯಿಗೆ ಹೋಗಿ ಗಂಟಲಲ್ಲಿ ಸಿಕ್ಕಿಕೊಳ್ಳುವ ವಯಸ್ಸು. ಅವನು ಮಲಗಿದಾಗ ಮಾತ್ರ ಆಡಿ, ಆಟ ಮುಗಿದ ಮೇಲೆ ಎಣಿಸಿ ಎತ್ತಿಡಿ. ಕೆಂಪು ಗುಲಗಂಜಿ ಚೆನ್ನಾಗಿ ಕಾಣುತ್ತದೆ ಎಂದು ಯಾರಾದರೂ ಕೊಟ್ಟರೆ ಮನೆಯೊಳಗೇ ತರಬೇಡಿ, ಅದು ವಿಷ.

ಇನ್ನು ಸೊಪ್ಪು. ನಾಲ್ಕು ವರ್ಷದ ಮಗುವಿಗೆ ಮೂರು ದಿನಕ್ಕಿಂತ ಹೆಚ್ಚು ಕಾಯುವ ತಾಳ್ಮೆ ಇರುವುದಿಲ್ಲ. ಕೊತ್ತಂಬರಿ ಬಿತ್ತಿದರೆ ಮೊಳಕೆಗೆ ಹತ್ತು ದಿನ ಬೇಕು, ಅಷ್ಟರಲ್ಲಿ ಮಗಳು ಬೀಜ ಬಂತೋ ಇಲ್ಲವೋ ಎಂದು ಎರಡು ಸಲ ಅಗೆದು ನೋಡಿರುತ್ತಾಳೆ. ಆದ್ದರಿಂದ ಅಡುಗೆಮನೆಯ ಡಬ್ಬಿಯಲ್ಲಿರುವ ಮೆಂತ್ಯದಿಂದಲೇ ಶುರು ಮಾಡಿ. ರಾತ್ರಿ ನೆನೆಸಿ, ಮರುದಿನ ಉದುರಿಸಿ, ಮೇಲೆ ಬೆರಳಿನಷ್ಟು ಮಣ್ಣು ಮುಚ್ಚಿದರೆ ಮೂರು ನಾಲ್ಕು ದಿನಕ್ಕೆ ಹಸಿರು ಕಾಣುತ್ತದೆ. ಇಪ್ಪತ್ತೈದು ದಿನದ ಒಳಗೆ ಕೊಯ್ದು ಅಕ್ಕಿ ರೊಟ್ಟಿಗೆ ಹಾಕಬಹುದು. ತಾನು ಬೆಳೆದದ್ದೆಂದು ಮಗು ಆ ಕಹಿಯನ್ನೂ ತಿನ್ನುತ್ತದೆ. ಎರಡನೆಯದು ಹರಿವೆ, ಸುಮಾರು ಒಂದು ತಿಂಗಳ ಬೆಳೆ. ಅದರ ಬೀಜ ಸಾಸಿವೆಗಿಂತ ಸಣ್ಣದು, ಒಂದು ಹಿಡಿ ಒಣ ಮರಳಿನೊಂದಿಗೆ ಬೆರೆಸಿ ಚೆಲ್ಲಿದರೆ ಒಂದೇ ಕಡೆ ಗುಂಪಾಗುವುದಿಲ್ಲ. ಇರುವೆ ಹೊತ್ತುಕೊಂಡು ಹೋಗದಂತೆ ಸುತ್ತ ಬೂದಿ ಎರಚಿ.

ಇದಕ್ಕೆಲ್ಲ ಒಡೆದ ಬಕೆಟ್ಟು, ಎಣ್ಣೆಯ ಡಬ್ಬ ಸಾಕು. ತಳದಲ್ಲಿ ನಾಲ್ಕೈದು ತೂತು ಇರಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಗೊಬ್ಬರ ಮುಟ್ಟಿದರೆ ಬಿಸಿಯಿದ್ದರೆ ಅಥವಾ ಸಗಣಿಯ ವಾಸನೆ ಇದ್ದರೆ ಅದು ಇನ್ನೂ ಕಳಿತಿಲ್ಲ, ಬೇರು ಸುಡುತ್ತದೆ. ಅಕ್ಕಿ, ಬೇಳೆ ತೊಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ಸೇರಿಸಿ ಸಂಜೆ ಹಾಕಿ. ಮಧ್ಯಾಹ್ನದ ಬಿಸಿಲಿಗೆ ಹಳೆಯ ನೂಲಿನ ಸೀರೆಯನ್ನು ಎರಡು ಹಗ್ಗದ ಮೇಲೆ ಕಟ್ಟಿದರೆ ಅದೇ ಚಪ್ಪರ.

ಹಿತ್ತಲಿನ ಮೂಲೆಯಲ್ಲಿ ದೊಡ್ಡಪತ್ರೆಯ ಒಂದು ಕಡ್ಡಿ ಊರಿಬಿಡಿ, ಆರೈಕೆ ಬೇಡದ ಗಿಡ. ಹತ್ತು ಹನ್ನೆರಡು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಟ್ಟರೆ ತಂಬುಳಿ. ಮೇ ತಿಂಗಳ ಮಧ್ಯಾಹ್ನ ಅನ್ನಕ್ಕೆ ಬೇರೆ ಸಾರು ಬೇಕಾಗುವುದಿಲ್ಲ.

ಯುಗಾದಿಯ ಅಡುಗೆಯನ್ನೂ ಕೇಳಿದ್ದೀರಿ. ಒಬ್ಬಟ್ಟಿನ ಬಗ್ಗೆ ಒಂದೇ ಮಾತು: ಬೇಳೆ ಬೆರಳಿನಲ್ಲಿ ಒತ್ತಿದರೆ ಪುಡಿಯಾಗಬೇಕು, ಕರಗಬಾರದು. ಕರಗುವಷ್ಟು ಬೇಯಿಸಿದರೆ ಹೂರಣ ನೀರಾಗಿ, ಮಧ್ಯಾಹ್ನ ಎರಡಾದರೂ ಲಟ್ಟಿಸುತ್ತಲೇ ಇರುತ್ತೀರಿ. ಬಸಿದ ಕಟ್ಟನ್ನು ಚೆಲ್ಲಬೇಡಿ, ಒಬ್ಬಟ್ಟಿನ ಸಾರು ಆಗುವುದು ಅದರಿಂದಲೇ, ಮತ್ತು ಅದು ಮರುದಿನ ಇನ್ನೂ ರುಚಿ. ಆದರೆ ಮಗಳ ಕೈಯಲ್ಲಿ ಮಾಡಿಸುವುದಾದರೆ ಶ್ರೀರಾಮನವಮಿಗೆ ಕಾಯಿರಿ, ಆವತ್ತಿನ ಅಡುಗೆಗೆ ಬೆಂಕಿಯೇ ಬೇಡ. ಒಂದು ಗಂಟೆ ನೆನೆದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ತೆಂಗಿನತುರಿ, ಮಾವಿನಕಾಯಿ ತುರಿಯನ್ನು ಅವಳೇ ಕಲಸಲಿ. ಉಪ್ಪು ಮಾತ್ರ ಬಡಿಸುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಸೌತೆಕಾಯಿ ನೀರುಬಿಟ್ಟು ಕೋಸಂಬರಿ ಸಾರಿನಂತಾಗುತ್ತದೆ. ಪಾನಕಕ್ಕೆ ಒಂದು ಲೋಟ ಬೆಲ್ಲದ ಪುಡಿಗೆ ಐದು ಲೋಟ ನೀರು, ಏಲಕ್ಕಿ, ಶುಂಠಿ, ನಿಂಬೆ. ಶೋಧಿಸುವುದನ್ನು ಮರೆಯಬೇಡಿ, ಬೆಲ್ಲದಲ್ಲಿ ಕಸ ಇದ್ದೇ ಇರುತ್ತದೆ.

ಈ ನಡುವೆ ಒಂದು ಒಳ್ಳೆಯ ಮಳೆ ಬಿದ್ದರೆ ದಿನ ಎಣಿಸಿ. ಎಂಟು ಹತ್ತು ದಿನಕ್ಕೆ ಸಕಲೇಶಪುರದ ಕಡೆ ಕಾಫಿ ಹೂವಾಗುತ್ತದೆ. ಹಾಸನದಿಂದ ಸುಮಾರು 40 ಕಿಲೋಮೀಟರು. ತೋಟದೊಳಗೆ ಹೋಗಬೇಕಾಗಿಲ್ಲ, ಬಸ್ಸಿನ ಕಿಟಕಿ ತೆರೆದರೆ ಮಲ್ಲಿಗೆಯಂಥ ಪರಿಮಳ ಒಳಗೆ ಬರುತ್ತದೆ. ಹೂವು ಎರಡು ಮೂರು ದಿನಕ್ಕೆ ಕಂದುತ್ತದೆ, ಭಾನುವಾರ ಬರಲಿ ಎಂದು ಕಾದರೆ ಮುಗಿದಿರುತ್ತದೆ.

ಏಪ್ರಿಲ್ ಕೊನೆಯ ವಾರ ಭರಣಿ ಮಳೆ ಹುಟ್ಟುತ್ತದೆ. 'ಭರಣಿ ಮಳೆ ಬಂದರೆ ಧರಣಿ ಎಲ್ಲಾ ಬೆಳೆ' ಎನ್ನುವ ಗಾದೆಯನ್ನು ಹಾಸನದ ರೈತರು ಸುಮ್ಮನೆ ಹೇಳುವುದಿಲ್ಲ. ಎರಡು ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಬೆಂಡೆ, ಸೌತೆ, ಹೀರೆ ಹಾಕಿ. ಬೆಂಡೆ ಐವತ್ತು ದಿನದೊಳಗೆ ಕಾಯಿಗೆ ಬರುತ್ತದೆ. ಅಡುಗೆಮನೆಯಲ್ಲಿ ಮೊಳಕೆ ಒಡೆದ ಶುಂಠಿಯ ತುಂಡನ್ನೂ ಮಣ್ಣಿಗೆ ಸೇರಿಸಿ. ಹೀರೆಯ ಬಳ್ಳಿ ಮನೆ ಮಾಲೀಕರ ತಂತಿಗೆ ಹಬ್ಬುವ ಮೊದಲು ಅವರನ್ನು ಒಂದು ಮಾತು ಕೇಳಿ.

ಆದರೆ ಹಾಸನಕ್ಕೆ ಬಂದ ಮೇಲೆ ಆಲೂಗಡ್ಡೆ ಬೆಳೆಯದೆ ಹೇಗೆ? ಮೇ ತಿಂಗಳಲ್ಲಿ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆ ಲಾರಿಗಟ್ಟಲೆ ಇಲ್ಲಿನ ಎಪಿಎಂಸಿ ಮಾರುಕಟ್ಟೆಗೆ ಬರುತ್ತದೆ. ನಿಮಗೆ ಮೂಟೆ ಬೇಡ, ಕೋಳಿಮೊಟ್ಟೆ ಗಾತ್ರದ ಮೂರು ಗಡ್ಡೆ ಸಾಕು. ಪರಿಚಯದ ರೈತರಿದ್ದರೆ ಕೇಳಿ ಪಡೆಯಿರಿ. ಗೋಣಿಚೀಲದ ಬಾಯನ್ನು ಅರ್ಧಕ್ಕೆ ಮಡಚಿ, ಒಂದಡಿ ಮಣ್ಣು ತುಂಬಿ, ಮೊಳಕೆ ಮೇಲಾಗಿ ಗಡ್ಡೆ ಊರಿ. ಗಿಡ ಗೇಣುದ್ದ ಬಂದಾಗಲೆಲ್ಲ ತುದಿಯ ಎಲೆ ಮಾತ್ರ ಕಾಣುವಂತೆ ಮಣ್ಣು ಏರಿಸುತ್ತಾ, ಚೀಲದ ಮಡಿಕೆ ಬಿಚ್ಚುತ್ತಾ ಹೋಗಿ. ಬಿತ್ತನೆ ಗಡ್ಡೆಗೆ ಔಷಧಿ ಸವರಿರಬಹುದು, ಮುಟ್ಟಿದ ಮೇಲೆ ಮಗಳ ಕೈ ಸೋಪಿನಲ್ಲಿ ತೊಳೆಸಿ, ಮಿಕ್ಕಿದ್ದನ್ನು ಪಲ್ಯಕ್ಕೆ ಹಾಕಬೇಡಿ. ಎಲೆಯೂ ಹಸಿರು ತಿರುಗಿದ ಗಡ್ಡೆಯೂ ತಿನ್ನುವಂಥದ್ದಲ್ಲ, ಮಗನನ್ನು ದೂರವಿಡಿ. ಜೂನ್, ಜುಲೈನಲ್ಲಿ ಜಡಿಮಳೆ ಹಿಡಿದರೆ ಎಲೆಯ ಮೇಲೆ ಕಪ್ಪು ಚುಕ್ಕೆ ಬಂದು ಗಿಡ ಕೊಳೆಯುವುದುಂಟು. ಇಲ್ಲಿನ ರೈತರ ನಿದ್ದೆ ಕೆಡಿಸಿದ ಅಂಗಮಾರಿ ಅದೇ. ಚೀಲವನ್ನು ಸೂರಿನ ಕೆಳಗೆ ಎಳೆದಿಟ್ಟರೆ ಬಚಾವಾಗಬಹುದು. ನನ್ನದು ಒಂದು ವರ್ಷ ಪೂರ್ತಿ ಹೋಯಿತು, ಮುಂದಿನ ವರ್ಷ ಮೂರು ಗಡ್ಡೆಗೆ ಒಂದೂವರೆ ಕಿಲೋ ಬಂತು. ಆಗಸ್ಟಿನಲ್ಲಿ ಚೀಲ ಕವುಚಿದಾಗ ಮಕ್ಕಳು ಮಣ್ಣಿನಲ್ಲಿ ಕೈಯಾಡಿಸಿ ಒಂದೊಂದೇ ಗಡ್ಡೆ ಎತ್ತಿ ಕೂಗಿದ ರೀತಿಗೆ ಪಕ್ಕದ ಮನೆಯ ಅಜ್ಜಿ ಕಳ್ಳ ಬಂದನೆಂದು ಹೊರಗೆ ಬಂದಿದ್ದರು.

ಬಸಳೆಯನ್ನು ಹೇಳುವುದು ಮರೆತೆ. ಬೀಜ ಬೇಡ, ಗೇಣುದ್ದದ ಬಲಿತ ಬಳ್ಳಿ ಊರಿದರೆ ಸಾಕು. ನಮ್ಮ ಕಾಂಪೌಂಡಿನ ಮೇಲೆ ಬೇಕಾದಷ್ಟು ಹಬ್ಬಿದೆ. ಭರಣಿ ಮಳೆ ಬಿದ್ದ ಮೇಲೆ ಇಲ್ಲಿಯೇ ಒಂದು ಸಂದೇಶ ಹಾಕಿ, ನಾಲ್ಕು ಕಡ್ಡಿ ಕತ್ತರಿಸಿ ಇಟ್ಟಿರುತ್ತೇನೆ.