ಬಾಗಲಕೋಟೆಯಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಗಣಿತ ಹಿಡಿದು ನದಿ, ರೋಗ, ಪರಿಸರದ ಮೇಲೆ ಕೆಲಸ ಮಾಡಬಹುದಾ?

ಮಾಡಬಹುದು. ನಿಮ್ಮೂರ ಘಟಪ್ರಭಾ ಹೊಳೆಯನ್ನೇ ತಗೊಳ್ಳಿ. ಅದಕ್ಕೆ ಒಂದು ಕಡೆ ಚರಂಡಿ ನೀರು ಸೇರಿತು ಅಂತಿಟ್ಟುಕೊಳ್ಳಿ. ಕೊಳೆಯನ್ನು ಬ್ಯಾಕ್ಟೀರಿಯಾ ತಿನ್ನುತ್ತಾ ನೀರಿನ ಆಮ್ಲಜನಕ ಖಾಲಿ ಮಾಡುತ್ತವೆ. ಮೇಲಿನ ಗಾಳಿಯಿಂದ ಅದು ನಿಧಾನಕ್ಕೆ ಮತ್ತೆ ತುಂಬುತ್ತದೆ. ಈ ಎರಡು ವೇಗಗಳನ್ನು ಡಿಫರೆನ್ಶಿಯಲ್ ಸಮೀಕರಣದಲ್ಲಿ (ಬದಲಾವಣೆಯ ವೇಗವನ್ನು ಹೇಳುವ ಸಮೀಕರಣ) ಕೂರಿಸಿ ಬಿಡಿಸಿದರೆ ಒಂದು ಮಜಾ ಕಾಣುತ್ತದೆ: ಆಮ್ಲಜನಕ ತೀರಾ ಕಮ್ಮಿಯಾಗುವುದು ಚರಂಡಿಯ ಬಾಯಲ್ಲಿ ಅಲ್ಲ, ಹೊಳೆ ಇನ್ನಷ್ಟು ದೂರ ಹರಿದ ಮೇಲೆ. ಮೀನಿಗೆ ಹೆಚ್ಚು ಅಪಾಯ ಅಲ್ಲೇ. ಸ್ಯಾಂಪಲ್ ಎಲ್ಲಿ ತೆಗೆಯಬೇಕು ಅನ್ನೋದನ್ನೂ ಗಣಿತವೇ ಹೇಳಿತು, ಅಲ್ವಾ? ಅಮೆರಿಕದ ಓಹಾಯೋ ನದಿಗೆ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಅನ್ನುವ ಇಬ್ಬರು ಸಂಶೋಧಕರು 1925ರಲ್ಲೇ ಈ ಲೆಕ್ಕ ಹಾಕಿದ್ದರು.

ರೋಗದ ಕಡೆ ಬಂದರೆ, ಕೋವಿಡ್ ಹೊತ್ತಿನಲ್ಲಿ ಎಲ್ಲರೂ ಮಾತಾಡಿದ ಎಸ್‌ಐಆರ್ ಮಾದರಿಯ (ಜನರನ್ನು ಸೋಂಕು ತಗಲಬಹುದಾದವರು, ಸೋಂಕಿತರು, ಸೋಂಕಿನಿಂದ ಹೊರಬಂದವರು ಅಂತ ಮೂರು ಗುಂಪು ಮಾಡಿ ರೋಗ ಹರಡುವುದನ್ನು ಲೆಕ್ಕ ಹಾಕುವ ವಿಧಾನ) ಬೇರು 1927ರದ್ದು.

ಈ ಕೆಲಸಕ್ಕೆ ಹೋಗುವ ದಾರಿ ಸರಳ, ಆದರೆ ಉದ್ದ. ಎಂಎಸ್ಸಿ (ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲೂ ಇದೆ), ಆಮೇಲೆ ನೆಟ್ ಅಥವಾ ಗೇಟ್ ಅರ್ಹತಾ ಪರೀಕ್ಷೆ, ನಂತರ ಪಿಎಚ್‌ಡಿ. ಕೆಲಸ ಜಾಸ್ತಿ ಇರುವುದು ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಲ್ಲಿ. ಬೇಗ ಸಂಬಳ ಬೇಕು ಅನ್ನುವವರಿಗೆ ಇದು ಒಗ್ಗುವುದಿಲ್ಲ. ಸುಮ್ನೆ ಪ್ರಮೇಯ ಬಾಯಿಪಾಠ ಮಾಡುತ್ತಾ ಕೂರಬೇಡಿ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುವುದನ್ನು ಈಗಲೇ ಶುರು ಮಾಡಿ.