ಭಾನುವಾರ ಮೂರು ಗಂಟೆಗೆ ಮೈದಾನದ ಹತ್ತಿರ ಹೋಗಿ

ಮ್ಯೂನಿಕ್‌ಗೆ ಬಂದು ಮೂರು ತಿಂಗಳಾಯ್ತು, ಆಫೀಸು ಚೆನ್ನಾಗಿದೆ, ಆದರೆ ಶುಕ್ರವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರದವರೆಗೆ ಒಂದು ಮಾತಿಲ್ಲ ಅಂತ ಬರೆದಿದ್ದೀರಿ. ಇಲ್ಲಿಯವರ ಸ್ನೇಹ ಆಗೋದು ಹೇಗೆ, ಇಲ್ಲಿಯ ದೊಡ್ಡ ಫುಟ್ಬಾಲ್ ತಂಡ ಬಯರ್ನ್ ಮ್ಯೂನಿಕ್‌ನ ಮ್ಯಾಚಿಗೆ ಟಿಕೆಟ್ ಸಿಗೋದು ಹೇಗೆ ಅಂತ ಎರಡು ಪ್ರಶ್ನೆ. ಟಿಕೆಟ್ ವಿಷಯ ನನ್ನನ್ನು ಕೇಳಬೇಡಿ, ಹತ್ತು ವರ್ಷದಲ್ಲಿ ನನಗೆ ಸಿಕ್ಕಿದ್ದು ಎರಡೇ ಸಲ. ಮೊದಲನೆಯದಕ್ಕೆ ಉತ್ತರ ಇದೆ. ಅದೂ ಫುಟ್ಬಾಲೇ, ಒಂಬತ್ತು ಮೆಟ್ಟಿಲು ಕೆಳಗಿನದು.

ಐಪಿಎಲ್‌ನಲ್ಲಿ ಕೊನೆಗೆ ಬಂದ ತಂಡ ಮರುವರ್ಷವೂ ಅಲ್ಲೇ ಇರುತ್ತೆ. ಇಲ್ಲಿ ಹಾಗಲ್ಲ. ಗೆದ್ದವರು ಹತ್ತುತ್ತಾರೆ, ಸೋತವರು ಇಳಿಯುತ್ತಾರೆ. ಎಲ್ಲಕ್ಕಿಂತ ಮೇಲೆ ಬುಂಡೆಸ್‌ಲಿಗಾ, ಕೆಳಗೆ ಎರಡನೇ ಬುಂಡೆಸ್‌ಲಿಗಾ, ಮೂರನೇ ಲೀಗ್. ನಾಲ್ಕನೆಯದು ರೀಜನಲ್‌ಲಿಗಾ. ಅದರ ಕೆಳಗೆ ನಮ್ಮ ಈ ಬವೇರಿಯಾ ರಾಜ್ಯದಲ್ಲಿ ಬಯರ್ನ್‌ಲಿಗಾ, ಲಾಂಡೆಸ್‌ಲಿಗಾ, ಹೀಗೇ ಇಳಿಯುತ್ತಾ ಹತ್ತನೇ ಮೆಟ್ಟಿಲಲ್ಲಿ ಆ-ಕ್ಲಾಸ್ಸೆ. ಹೆಸರು ಕೇಳಿ ಮೋಸ ಹೋಗಬೇಡಿ, 'ಎ' ದರ್ಜೆ ಅಂದ್ರೆ ಇಲ್ಲಿ ತಳದ ಹತ್ತಿರದ್ದು.

ಇದು ನನಗೆ ಅರ್ಥವಾಗಿದ್ದು 2017ರಲ್ಲಿ. 1860 ಮ್ಯೂನಿಕ್ ಅಂತ ತಂಡ, 1966ರಲ್ಲಿ ಬುಂಡೆಸ್‌ಲಿಗಾ ಗೆದ್ದವರು. ಆ ವರ್ಷ ಎರಡನೇ ಲೀಗಿನಿಂದ ಬಿದ್ದರು. ಮೂರನೆಯದರ ಲೈಸೆನ್ಸಿಗೆ ಬೇಕಾದ ದುಡ್ಡು ಹೊಂದಿಸೋಕೆ ಆಗಲಿಲ್ಲ, ಸೀದಾ ನಾಲ್ಕನೆಯದಕ್ಕೆ ಬಂದರು. 75 ಸಾವಿರ ಜನ ಹಿಡಿಸುವ ಅಲಿಯಾನ್ಸ್ ಅರೇನಾ ಬಿಟ್ಟು ಮ್ಯೂನಿಕ್‌ನದೇ ಬಡಾವಣೆ ಗೀಸಿಂಗ್‌ನ ಹಳೇ ಗ್ರ್ಯೂನ್‌ವಾಲ್ಡರ್ ಸ್ಟೇಡಿಯಮ್ಮಿಗೆ. ಎದುರಾಳಿಗಳು ಸಣ್ಣ ಊರುಗಳ ತಂಡಗಳು: ಬುಖ್‌ಬಾಖ್, ಇಲ್ಲರ್‌ಟಿಸ್ಸೆನ್, ಸಾವಿರ ಜನವೂ ಇಲ್ಲದ ಪಿಪಿನ್ಸ್‌ರೀಡ್. ಜನ ಕೈಬಿಡಬೇಕಿತ್ತು ಅಲ್ವಾ? ಹನ್ನೆರಡೂವರೆ ಸಾವಿರದ ಆ ಮೈದಾನ ಹೆಚ್ಚುಕಮ್ಮಿ ಪ್ರತಿ ಸಲವೂ ತುಂಬಿತು. ಚಾಂಪಿಯನ್ ಆದರೂ ನೇರ ಬಡ್ತಿ ಇರಲಿಲ್ಲ. ಆಗ ರೀಜನಲ್‌ಲಿಗಾ ಐದು, ಮೇಲೆ ಹೋಗೋ ಜಾಗ ಮೂರೇ. ಇನ್ನೊಂದು ರೀಜನಲ್‌ಲಿಗಾದ ಸಾರ್‌ಬ್ರ್ಯೂಕೆನ್ ತಂಡದ ವಿರುದ್ಧ ಮೇ 2018ರಲ್ಲಿ ಎರಡು ಮ್ಯಾಚು ಆಡಬೇಕಾಯ್ತು; ಅವರ ಕಡೆ 3–2 ಗೆದ್ದು, ಇಲ್ಲಿ 2–2 ಮಾಡಿಕೊಂಡು ಹತ್ತಿದರು.

ಆ ಎರಡನೇ ಮ್ಯಾಚನ್ನು ನಾನು ನೋಡಿದ್ದು ಇಲ್ಲಿ ನಾನಿರೋ ಊರಿನ ಕ್ಲಬ್ ಮನೆಯ ಟಿವಿಯಲ್ಲಿ, ಹತ್ತನೇ ಮೆಟ್ಟಿಲಿನ ಆಟಗಾರರ ನಡುವೆ. ಅಷ್ಟು ಹೊತ್ತಿಗೆ ನಾನು ಅಲ್ಲಿಯವನೇ ಆಗಿಬಿಟ್ಟಿದ್ದೆ.

ಆಗಿದ್ದು ಹೀಗೆ. ಆಗಸ್ಟಿನ ಒಂದು ಭಾನುವಾರ ಸುಮ್ನೆ ವಾಕಿಂಗ್ ಹೊರಟಿದ್ದೆ. ಶಿಳ್ಳೆ ಕೇಳಿಸಿತು, ಹೋಗಿ ಕಂಬಿಗೆ ಒರಗಿ ನಿಂತೆ. ನಲವತ್ತು ಜನ ಇದ್ದರೇನೋ. ಯಾರೂ ಮಾತಾಡಿಸಲಿಲ್ಲ. ಅಲ್ಲೇ ನಡೆದ ಮುಂದಿನ ಮ್ಯಾಚಿಗೂ ಹೋದೆ, ಆಗಲೂ ಇಲ್ಲ. ಮೂರನೇ ಸಲ ಒಬ್ಬ ಮುದುಕಪ್ಪ ನನ್ನನ್ನು ನೋಡದೆಯೇ, "ಆ ಎಡಗಡೆ ಹುಡುಗ ಓಡೋದೇ ಇಲ್ಲ" ಅಂದ. ಅದು ಆಹ್ವಾನ ಅಂತ ತಿಳಿಯೋಕೆ ನನಗೆ ಒಂದು ವಾರ ಬೇಕಾಯ್ತು.

ಅಕ್ಟೋಬರಿನಲ್ಲಿ ಯಾರೋ ಬಂದು ಕೈಗೆ ಬಾವುಟ ಕೊಟ್ಟರು. ಇಷ್ಟು ಕೆಳಗಿನ ಲೀಗಿಗೆ ರೆಫರಿ ಒಬ್ಬರೇ ಬರುತ್ತಾರೆ, ಗೆರೆ ಕಾಯೋಕೆ ಎರಡೂ ಕ್ಲಬ್ಬಿನವರು ಒಬ್ಬೊಬ್ಬರನ್ನು ಕೊಡಬೇಕು. ನಾನು ಟಿವಿಯಲ್ಲಿ ಕಲಿತಿದ್ದೆಲ್ಲ ತೋರಿಸೋಣ ಅಂತ ಹತ್ತೇ ನಿಮಿಷದಲ್ಲಿ ಆಫ್‌ಸೈಡ್ ಅಂತ ಬಾವುಟ ಎತ್ತಿದೆ. ರೆಫರಿ ಆಟ ನಿಲ್ಲಿಸಲೇ ಇಲ್ಲ. ಓಡುತ್ತಲೇ ಕೂಗಿದರು: ಚೆಂಡು ಗೆರೆ ದಾಟಿದರೆ ಮಾತ್ರ! ಕ್ಲಬ್ಬಿನ ಲೈನ್‌ಮನ್‌ಗೆ ಅಷ್ಟೇ ಅಧಿಕಾರ ಅಂತ ನನಗೆ ಯಾರೂ ಹೇಳಿರಲಿಲ್ಲ. ಇಡೀ ಬದಿ ನಕ್ಕಿತು. ಮ್ಯಾಚ್ ಮುಗಿದ ಮೇಲೆ ಮೂರು ಜನ ಬಿಯರ್ ಕೊಡಿಸಿದರು, ನಾನು ಕುಡಿಯಲ್ಲ ಅಂದಾಗ ಸೇಬಿನ ರಸಕ್ಕೆ ಸೋಡಾ ಬೆರೆಸಿ ತಂದುಕೊಟ್ಟರು.

ಮೈದಾನದಲ್ಲಿ ಎಲ್ಲರೂ ಎಲ್ಲರಿಗೂ "ದು", ಅಂದ್ರೆ ನೀನು. ನಮ್ಮ ಆಫೀಸಿನಲ್ಲಿ ನಾಲ್ಕು ವರ್ಷ "ಜೀ", ನೀವು, ಅಂತಲೇ ಕರೆದ ಮನುಷ್ಯ ಎದುರಾಳಿ ತಂಡದ ಗೋಲ್‌ಕೀಪರ್ ಅಂತ ಒಂದು ದಿನ ಗೊತ್ತಾಯ್ತು. ಸೋಮವಾರ ಆಫೀಸಿನಲ್ಲಿ ಏನಂತ ಕರೆಯೋದು ಅಂತ ಇಬ್ಬರೂ ಒದ್ದಾಡಿದೆವು.

ಆಟ ಹೇಗಿರುತ್ತೆ ಅಂತ ಕೇಳಬೇಡಿ. ಮನೆಯ ಹಂಚಿಗಿಂತ ಎತ್ತರಕ್ಕೆ ಚೆಂಡು ಒದೆಯೋದೇ ಜಾಸ್ತಿ. ಸೀಸನ್ ಆಗಸ್ಟಿನಲ್ಲಿ ಶುರು, ನವೆಂಬರಿನಲ್ಲಿ ನಿಲ್ಲುತ್ತೆ, ಹಿಮ ಕರಗಿದ ಮೇಲೆ ಮಾರ್ಚಿನಲ್ಲಿ ಮತ್ತೆ, ಮೇ ಕೊನೆಗೆ ಮುಕ್ತಾಯ. ಆ ಚಳಿಗಾಲದ ನಾಲ್ಕು ತಿಂಗಳೇ ಹೊಸಬರನ್ನು ಕೊಲ್ಲೋದು, ನೀವು ಈಗ ಇರೋದು ಅದರ ಬಾಗಿಲಲ್ಲಿ. ಆದರೆ ಕ್ಲಬ್ ಮುಚ್ಚಲ್ಲ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಊಟ, ಜನವರಿಯಲ್ಲಿ ಒಳಾಂಗಣ ಟೂರ್ನಮೆಂಟು, ಕೆಲಸಕ್ಕೆ ಸದಾ ಜನ ಕಮ್ಮಿ. ಕೇಕ್ ಮಾರೋದು, ಬಲೆ ಹೊಲಿಯೋದು, ಎಲೆ ಗುಡಿಸೋದು. ಎಲ್ಲ ಸಂಬಳವಿಲ್ಲದ ಕೆಲಸ. ನಮ್ಮನೆಯವರ ರವೆ ಉಂಡೆ ಒಂದು ಸಲ ಕೇಕಿಗಿಂತ ಮೊದಲು ಖಾಲಿಯಾಯ್ತು, ಈಗ ಅದು ವಾರ್ಷಿಕ ಪದ್ಧತಿ.

ಆಡೋ ಆಸೆ ಇದ್ದರೆ ಮಂಗಳವಾರ, ಗುರುವಾರ ಸಂಜೆ ಸಾಮಾನ್ಯವಾಗಿ ತಾಲೀಮು ಇರುತ್ತೆ, ಹೋಗಿ ಕೇಳಿ. ಭಾರತದಲ್ಲಿ ಯಾವುದಾದರೂ ಕ್ಲಬ್ಬಿಗೆ ನೋಂದಾಯಿಸಿಕೊಂಡು ಆಡಿದ್ದರೆ ಮೊದಲೇ ಹೇಳಿ. ಅಲ್ಲಿಂದ ಬಿಡುಗಡೆ ಪತ್ರ ತರಿಸಬೇಕು, ತಡವಾಗುತ್ತೆ. ನಿಮ್ಮ ಮನೆ ಹತ್ತಿರದ ಮ್ಯಾಚು ಯಾವಾಗ ಅಂತ ಫುಸ್‌ಬಾಲ್ ಡಾಟ್ ಡಿಇ ಅನ್ನೋ ಜಾಲತಾಣದಲ್ಲಿ ಪಿನ್‌ಕೋಡ್ ಹಾಕಿ ಹುಡುಕಿ, ಹತ್ತನೇ ಮೆಟ್ಟಿಲಿನದೂ ಸಿಗುತ್ತೆ.

ಸಸ್ಯಾಹಾರಿ ಅಂದಿದ್ದೀರಿ, ಫ್ರೆಂಚ್ ಫ್ರೈಸ್ ಮತ್ತು ಕೇಕ್ ಮೇಲೆ ಬದುಕಬಹುದು. ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ. ಗಾಜಿನ ಲೋಟಕ್ಕೆ ಡಿಪಾಸಿಟ್ ಇಟ್ಟುಕೊಂಡಿರುತ್ತಾರೆ, ವಾಪಸ್ ಕೊಟ್ಟು ದುಡ್ಡು ತಗೊಳ್ಳಿ. ಮೂರನೇ ಸಲದವರೆಗೆ ಯಾರೂ ಮಾತಾಡಿಸದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಕಂಬಿಯ ಅದೇ ಜಾಗದಲ್ಲಿ ನಿಂತಿರಿ.